ಪ್ರತಿಕ್ರಿಯೆ: ಶಾಂಘೈ ಹೋಟೆಲ್ ವೈಫೈನಲ್ಲಿ ಗೂಗಲ್ ಡ್ರೈವ್ ತೆರೆಯುತ್ತಿಲ್ಲ, ನಾಡಿದ್ದು ಹಾಂಗ್‌ಝೌ ಸ್ಟುಡಿಯೋದಲ್ಲಿ ಶಾಟ್ ರಿವ್ಯೂ (ತಯಾರಾದ ದೃಶ್ಯಗಳ ಪರಿಶೀಲನೆ)

ನಿಮ್ಮ ಲ್ಯಾಪ್‌ಟಾಪ್‌ನದ್ದಾಗಲಿ ಹೋಟೆಲ್‌ನದ್ದಾಗಲಿ ತಪ್ಪಲ್ಲ. ಚೀನಾದಲ್ಲಿ ಗೂಗಲ್ ಸೇವೆಗಳಿಗೇ ತಡೆಯಿದೆ. ಜಿಮೇಲ್, ಡ್ರಾಪ್‌ಬಾಕ್ಸ್, ವಾಟ್ಸಾಪ್‌ಗೂ ಅದೇ ಗತಿ. ಸ್ಟುಡಿಯೋದ ನೆಟ್‌ನಲ್ಲೂ ಬಹುಶಃ ಇದೇ ಕಥೆ.

ಮೊದಲು ನಿಮ್ಮ ಭಾರತದ ಸಿಮ್‌ಗೆ ಚೀನಾ ಸೇರಿರುವ ರೋಮಿಂಗ್ ಪ್ಯಾಕ್ ಹಾಕಿಸಿ, ವೈಫೈ ಆಫ್ ಮಾಡಿ, ಫೋನ್‌ನಿಂದ ಹಾಟ್‌ಸ್ಪಾಟ್ ಕೊಡಿ. ರೋಮಿಂಗ್ ಡೇಟಾ ಸಾಮಾನ್ಯವಾಗಿ ನಮ್ಮ ಆಪರೇಟರ್ ಮೂಲಕವೇ ಹೊರಗೆ ಹೋಗುವುದರಿಂದ ಡ್ರೈವ್ ತೆರೆಯುತ್ತದೆ. ಅಲ್ಲಿನ ಲೋಕಲ್ ಸಿಮ್ ಕೊಂಡರೆ ಪ್ರಯೋಜನವಿಲ್ಲ, ಅದಕ್ಕೂ ತಡೆ ಇದ್ದೇ ಇರುತ್ತದೆ.

ಆದರೆ ಪ್ಯಾಕ್‌ನ ಡೇಟಾ ಬೇಗ ಮುಗಿಯುತ್ತದೆ. ಸೀನ್ ಫೈಲು, ಇಎಕ್ಸ್‌ಆರ್ ಫ್ರೇಮುಗಳನ್ನು (ಒಂದೊಂದು ಫ್ರೇಮಿನ ಭಾರೀ ಗಾತ್ರದ ಚಿತ್ರಗಳು) ಎಳೆಯಲು ಹೋಗಬೇಡಿ. ಊರಿನ ಟೀಮ್‌ಗೆ ಹೇಳಿ ಶಾಟ್‌ಗಳನ್ನು ಫ್ರೇಮ್ ನಂಬರ್ ಸಮೇತ ಎಚ್.264 ಎಂಪಿ4 (ಕುಗ್ಗಿಸಿದ ವಿಡಿಯೋ) ಮಾಡಿಸಿ. 5 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 5 ಮೆಗಾಬಿಟ್) 2 ನಿಮಿಷಕ್ಕೆ ಸುಮಾರು 75 ಎಂಬಿ, ಅಷ್ಟೇ. ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮ್) ಮಾತ್ರ ಪ್ರಾಜೆಕ್ಟ್‌ನದ್ದೇ ಇರಲಿ: 25ರದ್ದನ್ನು 24ಕ್ಕೆ ತಂದರೆ ಟೈಮಿಂಗ್ ನೋಟ್ಸ್ ಎಲ್ಲ ಎಡವಟ್ಟಾಗುತ್ತವೆ.

ನೀವು ಸ್ಟುಡಿಯೋದವರಿಗೆ ವೀಚಾಟ್‌ನಲ್ಲಿ (ಚೀನಾದ ಮೆಸೇಜಿಂಗ್ ಆ್ಯಪ್) ಕಳಿಸುವುದಾದರೆ ವಿಡಿಯೋ ಆಗಿ ಬೇಡ, ಕುಗ್ಗಿಸಿಬಿಡುತ್ತದೆ. ಜಿಪ್ ಮಾಡಿ ಫೈಲ್ ಆಗಿ ಕಳಿಸಿ.

ಹಾಟ್‌ಸ್ಪಾಟ್ ಇರುವಾಗಲೇ ಇನ್ನೊಂದು ಕೆಲಸ ಮುಗಿಸಿ. ರಿವ್ಯೂ ಟೂಲ್‌ಗೆ (ಶಾಟ್ ನೋಡಿ ನೋಟ್ಸ್ ಬರೆಯುವ ಆನ್‌ಲೈನ್ ತಾಣ) ಗೂಗಲ್ ಖಾತೆಯಿಂದ ಲಾಗಿನ್ ಆಗುತ್ತಿದ್ದರೆ ಪ್ರತ್ಯೇಕ ಪಾಸ್‌ವರ್ಡ್ ಇಟ್ಟುಕೊಳ್ಳಿ. ಟೂಲ್ ತೆರೆದರೂ ಗೂಗಲ್ ಲಾಗಿನ್ ಬಟನ್ ಸ್ಟುಡಿಯೋದ ನೆಟ್‌ನಲ್ಲಿ ಸತ್ತ ಹಾಗೆ. ಮಾಯಾ (3ಡಿ ಆನಿಮೇಷನ್ ಸಾಫ್ಟ್‌ವೇರ್) ಲೈಸೆನ್ಸ್‌ಗೂ ಸೈನ್ ಇನ್ ಆಗಿ, ಒಮ್ಮೆ ತೆರೆದು ನೋಡಿ. ಗೂಗಲ್ ಡಾಕ್ಸ್‌ನಲ್ಲಿರುವ ನೋಟ್ಸ್ ಪಿಡಿಎಫ್ ಆಗಲಿ.

ಕೊನೆಗೆ ಎಲ್ಲವನ್ನೂ ಎಸ್‌ಎಸ್‌ಡಿಗೂ ಹಾಕಿ, ವಿಂಡೋಸ್, ಮ್ಯಾಕ್ ಎರಡೂ ಓದುವ ಎಕ್ಸ್‌ಫ್ಯಾಟ್‌ನಲ್ಲಿ ಫಾರ್ಮ್ಯಾಟ್ ಆಗಿರಲಿ. ಹೊರಗಿನ ಡ್ರೈವ್ ಚುಚ್ಚಲು ಕೆಲವು ಸ್ಟುಡಿಯೋ ಬಿಡುವುದಿಲ್ಲ, ಇವತ್ತೇ ಕೇಳಿಕೊಳ್ಳಿ. ಬಿಡದಿದ್ದರೆ ನಿಮ್ಮ ಲ್ಯಾಪ್‌ಟಾಪ್‌ನಿಂದಲೇ ಎಚ್‌ಡಿಎಂಐ ಕೇಬಲ್‌ನಲ್ಲಿ ತೋರಿಸಿ.