ಕಡಿಮೆ ಬಜೆಟ್ಟಿನ ಗ್ಲಾಡಿಯಸ್: ಉಕ್ಕಿನ ನಂಬರ್ ಆಮೇಲೆ, ಮೊದಲು ಹಿಡಿಯೊಳಗೆ ಏನಿದೆ ನೋಡಿ

ಯಾವ ಉಕ್ಕು ಒಳ್ಳೆಯದು, 1060ನೋ, 1095ನೋ, ಡಮಾಸ್ಕಸ್ಸೋ ಎಂದು ಕೇಳಿದ್ದೀರಿ. ಗೋಡೆಗೆ ತೂಗುಹಾಕಲಿಕ್ಕಲ್ಲ, ಬೀಸಿ ಕತ್ತರಿಸಲಿಕ್ಕೆ, ಅದೂ ಕೈಗೆಟುಕುವ ದುಡ್ಡಿನಲ್ಲಿ ಒಂದು ಗ್ಲಾಡಿಯಸ್, ಅಂದರೆ ರೋಮನ್ ಸೈನಿಕರ ಗಿಡ್ಡ ಕತ್ತಿ, ಬೇಕು ಅಂತ. ಇದೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ನಾನೂ ನನ್ನ ಮೊದಲ ಕತ್ತಿ ಕೊಂಡಿದ್ದೆ. 1095 ಎಂದು ಬರೆದಿದ್ದರು, ಅದು ಸುಳ್ಳೇನೂ ಆಗಿರಲಿಲ್ಲ. ಆದರೆ ಕತ್ತಿ ತುಂಡಾಗಿದ್ದು ಅಲಗಿನಲ್ಲಿ ಅಲ್ಲ, ಹಿಡಿಯೊಳಗೆ. ಆದ್ದರಿಂದ ಉಕ್ಕಿನ ವಿಚಾರ ಸ್ವಲ್ಪ ಹೊತ್ತು ಪಕ್ಕಕ್ಕಿಡಿ.

ಅಲಗಿನ ಬುಡದಿಂದ ಹಿಡಿಯೊಳಗೆ ಹೋಗುವ ಭಾಗಕ್ಕೆ ಟ್ಯಾಂಗ್ ಅನ್ನುತ್ತಾರೆ. ಸರಿಯಾದ ಗ್ಲಾಡಿಯಸ್‌ನಲ್ಲಿ ಅದು ಅಲಗಿನದೇ ಉಕ್ಕು. ಬುಡದಲ್ಲಿ ಅಗಲವಾಗಿದ್ದು, ಕಿರಿದಾಗುತ್ತ ಹಿಡಿಯನ್ನೂ ಕೊನೆಯ ಗುಂಡನ್ನೂ ದಾಟಿ ಹೊರಬರುತ್ತದೆ. ಅಲ್ಲಿ ಒಂದು ಸಣ್ಣ ಹಿತ್ತಾಳೆ ಗುಬುಟಿನ ಮೇಲೆ ಅದರ ತುದಿಯನ್ನು ರಿವೆಟ್ಟಿನಂತೆ ಬಡಿದು ಕೂರಿಸುತ್ತಾರೆ. ಅಗ್ಗದ ಕತ್ತಿಗಳಲ್ಲಿ ಆಗುವುದೇ ಬೇರೆ. ಅಲಗನ್ನು ಬುಡದಲ್ಲೇ ಕತ್ತರಿಸಿ, ಅಲ್ಲಿಗೆ 6 ಮಿ.ಮೀ. ಥ್ರೆಡ್ ಸರಳೊಂದನ್ನು ವೆಲ್ಡ್ ಮಾಡಿ, ಆ ಕಡೆಯಿಂದ ನಟ್ಟು ಬಿಗಿಯುತ್ತಾರೆ. ಹಿಡಿಯೊಳಗೆ ಇರುವುದು ಟ್ಯಾಂಗೋ ಸರಳೋ ಎಂದು ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ.

ಇದು ಎಷ್ಟು ದೊಡ್ಡ ವ್ಯತ್ಯಾಸ ಎಂಬುದಕ್ಕೆ ಒಂದು ಲೆಕ್ಕ ಹಾಕೋಣ. ಕತ್ತಿ ಬೀಸಿ ಹೊಡೆದಾಗ ಟ್ಯಾಂಗನ್ನು ಬಗ್ಗಿಸುವ ಬಲ ಅದರ ಅಗಲದ ದಿಕ್ಕಿನಲ್ಲಿ ಬೀಳುತ್ತದೆ. ಆ ದಿಕ್ಕಿನಲ್ಲಿ ತಡೆದುಕೊಳ್ಳುವ ಶಕ್ತಿ ದಪ್ಪಕ್ಕೆ ನೇರವಾಗಿಯೂ ಅಗಲಕ್ಕೆ ವರ್ಗವಾಗಿಯೂ ಏರುತ್ತದೆ. 15 ಮಿ.ಮೀ. ಅಗಲ, 5 ಮಿ.ಮೀ. ದಪ್ಪದ ಟ್ಯಾಂಗ್ ಆದರೆ 5 × 15 × 15 ÷ 6, ಅಂದರೆ ಸುಮಾರು 187 ಘನ ಮಿ.ಮೀ. 6 ಮಿ.ಮೀ. ಸರಳಿಗೆ ಥ್ರೆಡ್ ಕೊರೆದ ಮೇಲೆ ಒಳಗೆ ಗಟ್ಟಿ ಉಳಿಯುವುದು 4.8 ಮಿ.ಮೀ. ಆಸುಪಾಸು. ದುಂಡು ಸರಳಿನ ಸೂತ್ರ ಹಾಕಿದರೆ ಅದರ ಲೆಕ್ಕ 11 ಘನ ಮಿ.ಮೀ. ಕೂಡ ಮುಟ್ಟುವುದಿಲ್ಲ. ಹದಿನೇಳು ಪಟ್ಟು ಕಡಿಮೆ! ಜೊತೆಗೆ ಥ್ರೆಡ್ಡಿನ ಒಂದೊಂದು ಗೆರೆಯೂ ಬಿರುಕು ಶುರುವಾಗಲು ತಯಾರಾಗಿ ನಿಂತ ಜಾಗ. ಸರಳು ಸಾಮಾನ್ಯವಾಗಿ ಮೆದು ಉಕ್ಕಿನದು ಎಂಬುದನ್ನು ನಾನಿನ್ನೂ ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ವೆಲ್ಡಿಂಗ್ ಇನ್ನೊಂದು ಕೇಡು ಮಾಡುತ್ತದೆ. 1095ರಂಥ ಹೆಚ್ಚು ಇಂಗಾಲದ ಉಕ್ಕಿಗೆ ಮೊದಲೇ ಬಿಸಿ ಮಾಡದೆ ವೆಲ್ಡ್ ಹಾಕಿದರೆ, ವೆಲ್ಡಿನ ಪಕ್ಕದ ಒಂದು ತೆಳು ಪಟ್ಟಿ ಕೆಂಪಗೆ ಕಾದು, ಸುತ್ತಲಿನ ತಣ್ಣನೆಯ ಲೋಹ ಶಾಖ ಎಳೆದುಕೊಂಡ ಕೂಡಲೇ ಗಾಜಿನಂತೆ ಪೆಡಸಾಗುತ್ತದೆ. ಅದರಾಚೆಗಿನ ಪಟ್ಟಿ ಉಲ್ಟಾ, ಹದ (ಕಾಯಿಸಿ ತಣಿಸಿ ಕೊಟ್ಟ ಗಡಸು) ಕಳೆದುಕೊಂಡು ಮೆತ್ತಗಾಗುತ್ತದೆ. ಪೆಡಸು, ಮೆದು ಎರಡೂ ಅಕ್ಕಪಕ್ಕ, ಅದೂ ಬಾಗುವ ಬಲ ಅತಿ ಹೆಚ್ಚು ಬೀಳುವ ಬುಡದಲ್ಲಿ, ಹಿಡಿ ಮುಚ್ಚಿಕೊಂಡಿರುವ ಕಡೆ. ಬಿರುಕು ಕಣ್ಣಿಗೆ ಬೀಳುವುದೇ ಇಲ್ಲ. ಒಂದು ದಿನ ಹಿಡಿ ಕೈಯಲ್ಲಿ ಉಳಿಯುತ್ತದೆ, ಅಲಗು ಹಾರುತ್ತದೆ. ನನ್ನದು ಬೇಲಿಗೆ ಹೋಗಿ ಬಡಿಯಿತು, ಆ ಕಡೆ ಯಾರೂ ಇರಲಿಲ್ಲ.

ಜಾಹೀರಾತಿನಲ್ಲಿ ‘ಫುಲ್ ಟ್ಯಾಂಗ್’ ಎಂದಿದ್ದರೆ ಸಮಾಧಾನಪಟ್ಟುಕೊಳ್ಳಬೇಡಿ. ವೆಲ್ಡ್ ಮಾಡಿದ ಸರಳೂ ಹಿಡಿಯ ಉದ್ದಕ್ಕೂ ಇರುತ್ತದಲ್ಲ, ಅದನ್ನೂ ಹಾಗೇ ಕರೆದು ಮಾರುತ್ತಾರೆ. ಮಾರುವವರಿಂದ ಹಿಡಿ ಹಾಕುವ ಮುಂಚಿನ ಅಲಗಿನ ಫೋಟೊ ಕೇಳಿ. ಅದು ಸಿಗದಿದ್ದರೆ ಬುಡದಲ್ಲಿ ಟ್ಯಾಂಗ್ ಎಷ್ಟು ಅಗಲ ಇದೆ ಎಂದು ಮಿಲಿಮೀಟರ್‌ನಲ್ಲಿ ಕೇಳಿ. ಗ್ಲಾಡಿಯಸ್‌ಗೆ 15 ಮಿ.ಮೀ.ಗಿಂತ ಕಡಿಮೆ ಇದ್ದರೆ ನಾನು ಮುಂದೆ ಮಾತೇ ಆಡುವುದಿಲ್ಲ. ಟ್ಯಾಂಗ್ ಅಲಗಿಗೆ ಸೇರುವ ಮೂಲೆಯನ್ನೂ ಗಮನಿಸಿ. ಅದು ಸಣ್ಣ ತಿರುವಿನಲ್ಲಿ ದುಂಡಗಿರಬೇಕು. ಗರಗಸದಿಂದ ಕೊಯ್ದಂತೆ ಚೂಪು ಮೂಲೆಯಿದ್ದರೆ, ವೆಲ್ಡ್ ಇಲ್ಲದಿದ್ದರೂ ಬಿರುಕು ಅಲ್ಲಿಂದಲೇ ಹೊರಡುತ್ತದೆ.

ತುದಿ ಬಡಿದು ಕೂರಿಸಿದ್ದೇ ಒಳ್ಳೆಯದು, ನಟ್ಟು ಬೇಡ ಎನ್ನುವವರು ಬಹಳ ಜನ. ಬಜೆಟ್ ಕಡಿಮೆಯಿದ್ದಾಗ ನಾನು ನಟ್ಟಿನ ಪರ. ಬಿಚ್ಚಿ ಒಳಗೆ ನೋಡಬಹುದಲ್ಲ, ಅದಕ್ಕೆ. ಥ್ರೆಡ್ಡನ್ನು ಟ್ಯಾಂಗಿನ ತುದಿಯಲ್ಲೇ ಕೊರೆದಿದ್ದರೆ ಬಹಳ ಒಳ್ಳೆಯದು. ಥ್ರೆಡ್ ತುಂಡನ್ನು ಕೊನೆಯ ಎರಡು-ಮೂರು ಸೆಂ.ಮೀ.ನಲ್ಲಿ, ಹಿಡಿಯ ಗುಂಡಿನೊಳಗೆ ಬರುವಂತೆ ವೆಲ್ಡ್ ಮಾಡಿದ್ದರೂ ಪರವಾಗಿಲ್ಲ, ಅಲ್ಲಿ ಬಾಗುವ ಬಲ ಕಡಿಮೆ. ಕತ್ತಿ ಕೈಗೆ ಬಂದ ದಿನವೇ ನಟ್ಟು ಬಿಚ್ಚಿ, ಹಿಡಿ ಜಾರಿಸಿ, ಬುಡದಿಂದ ಒಂದು ಗೇಣು ಜಾಗವನ್ನು ಎಮರಿ ಕಾಗದದಲ್ಲಿ ಉಜ್ಜಿ. ವೆಲ್ಡ್ ಮಾಡಿ ಗ್ರೈಂಡರ್‌ನಲ್ಲಿ ನೆಲಸಮ ಮಾಡಿದ್ದರೂ ಅಲ್ಲಿ ಲೋಹದ ಬಣ್ಣ ಬೇರೆಯಾಗಿ ಕಾಣುತ್ತದೆ, ಅಂಚಿನಲ್ಲಿ ಸೂಜಿಮೊನೆಯಷ್ಟು ಗುಳಿಗಳಿರುತ್ತವೆ. ಕಂಡರೆ ವಾಪಸ್ ಕಳಿಸಿ.

ಈಗ ಉಕ್ಕಿಗೆ ಬರೋಣ. 1060, 1075, 5160, 6150 ಇವುಗಳಲ್ಲಿ ಯಾವುದಾದರೂ ಆದೀತು. ಅಗ್ಗದ ಕತ್ತಿಗೆ 1095 ನನಗಂತೂ ಬೇಡ. ಅದಕ್ಕೆ ಹದ ಕೊಡುವಾಗ ಸ್ವಲ್ಪ ತಪ್ಪಿದರೂ ಬಿರುಕು ಬಿಡುತ್ತದೆ. ಮೊದಲ ಎರಡು ಮತ್ತು 5160 ಅಷ್ಟು ಹಟಮಾರಿಗಳಲ್ಲ. 5160 ಎಂದರೆ ವಾಹನಗಳ ಸ್ಪ್ರಿಂಗ್ ಪಟ್ಟಿಗೆ ಬಳಸುವ ಉಕ್ಕು, ಪೆಟ್ಟು ತಿನ್ನಲಿಕ್ಕೆಂದೇ ಇರುವುದು. ಕತ್ತಿಗೆ ರಾಕ್‌ವೆಲ್ ಸಿ ಅಳತೆಯಲ್ಲಿ 48ರಿಂದ 54ರೊಳಗಿನ ಗಡಸುತನ ಸಾಕು. ಸ್ಟೇನ್‌ಲೆಸ್, ಅಂದರೆ 420 ಅಥವಾ 440 ಎಂದು ಬರೆದಿದ್ದರೆ ಅದು ಗೋಡೆಯ ಸಾಮಾನು, ಎಷ್ಟೇ ಹರಿತ ಮಾಡಿಕೊಟ್ಟರೂ. ಇನ್ನು ಡಮಾಸ್ಕಸ್: ಎರಡು ಬಗೆಯ ಉಕ್ಕನ್ನು ಪದರ ಪದರವಾಗಿ ಕುಲುಮೆಯಲ್ಲಿ ಬೆಸೆದು, ಆಮ್ಲದಲ್ಲಿ ಅದ್ದಿ ಗೆರೆ ಎಬ್ಬಿಸುತ್ತಾರೆ. ಕೆಲಸ ಬಲ್ಲವನು ಮಾಡಿದರೆ ಚೆಂದ, ದುಬಾರಿ. ಅಗ್ಗಕ್ಕೆ ಸಿಗುವುದರಲ್ಲಿ ಪದರಗಳ ನಡುವೆ ಬೆಸುಗೆ ಹಿಡಿಯದ ಜಾಗ ಎಲ್ಲಿದೆ ಎಂದು ಯಾರೂ ಹೇಳಲಾರರು. ಬೇಡವೇ ಬೇಡ.

ಪ್ರಾಚೀನ ಕತ್ತಿ ಇಂದಿನದಕ್ಕಿಂತ ಗಟ್ಟಿ ಎಂಬ ಭ್ರಮೆಯಿದ್ದರೆ ಅದನ್ನೂ ಬಿಡಿ. ಆಗಿನ ಅಲಗುಗಳಲ್ಲಿ ಇಂಗಾಲ ಒಂದೇ ಸಮ ಹರಡಿರುತ್ತಿರಲಿಲ್ಲ, ಎಷ್ಟೋ ಕತ್ತಿಗಳು ಹದವನ್ನೇ ಕಂಡಿರಲಿಲ್ಲ. ರೋಮನ್ನರ ಎದುರಾಳಿಗಳಾಗಿದ್ದ ಗಾಲ್ ಜನರ ಕತ್ತಿ ಮೊದಲ ಪೆಟ್ಟಿಗೇ ಬಾಗುತ್ತಿತ್ತು, ನೆಲಕ್ಕೂರಿ ಕಾಲಲ್ಲಿ ಮೆಟ್ಟಿ ನೆಟ್ಟಗೆ ಮಾಡಿಕೊಳ್ಳಬೇಕಿತ್ತು ಎಂದು ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಬರೆದಿದ್ದಾನೆ. ಅದರಲ್ಲಿ ಉತ್ಪ್ರೇಕ್ಷೆ ಇದ್ದೀತು. ಆದರೂ ಸರಿಯಾಗಿ ಹದ ಕೊಟ್ಟ ಸಾದಾ 1060 ಆ ಕಾಲದ ಬಹುಪಾಲು ಅಲಗುಗಳಿಗಿಂತ ನಂಬಿಕೆಗೆ ಅರ್ಹ.

ಉಕ್ಕಿಗಿಂತ ಹೆಚ್ಚು ಗಮನ ಕೊಡಬೇಕಾದದ್ದು ತೂಕಕ್ಕೆ. ಪೊಂಪೇಯ್ ಎಂಬ ನೇರ ಅಂಚಿನ ನಮೂನೆಯ ಗ್ಲಾಡಿಯಸ್‌ನ ಅಲಗು 45ರಿಂದ 50 ಸೆಂ.ಮೀ. ಉದ್ದ, ಸುಮಾರು 5 ಸೆಂ.ಮೀ. ಅಗಲ, ಇಡೀ ಕತ್ತಿ 700 ಗ್ರಾಂ ಆಸುಪಾಸು. ಅಗ್ಗದ ಪ್ರತಿಕೃತಿಗಳು 1.2 ಕೆ.ಜಿ. ದಾಟುವುದುಂಟು. ಕಾರಣ ಸರಳ: ಒಂದೇ ದಪ್ಪದ ಪಟ್ಟಿಯನ್ನು ಆಕಾರಕ್ಕೆ ಕತ್ತರಿಸಿ, ಅಂಚು ಮಾತ್ರ ಉಜ್ಜಿರುತ್ತಾರೆ. ಅಲಗು ಬುಡದಿಂದ ತುದಿಗೆ ಹೋಗುತ್ತ ತೆಳುವಾಗಬೇಕು. ಬುಡದಲ್ಲಿ, ನಡುವೆ, ತುದಿಗೆ ಐದು ಸೆಂ.ಮೀ. ಮುಂಚೆ, ಹೀಗೆ ಮೂರು ಕಡೆ ವರ್ನಿಯರ್ ಇಟ್ಟ ಅಳತೆ ಕೇಳಿ. 5.5, 4.5, 3 ಮಿ.ಮೀ. ಹೀಗೆ ಇಳಿಯುತ್ತಿದ್ದರೆ ಮಾಡಿದವನಿಗೆ ಕೆಲಸ ಗೊತ್ತು. ಮೂರೂ ಕಡೆ 5 ಎಂದರೆ ಕೈಯಲ್ಲಿರುವುದು ಕತ್ತಿಯಾಕಾರದ ಪಟ್ಟಿ. ಒಂದು ಕೆ.ಜಿ. ಮೀರಿದ ಪೊಂಪೇಯ್ ನಮೂನೆ ಎಷ್ಟೇ ಅಗ್ಗವಿರಲಿ, ಬಿಡಿ. ಹಿಡಿಯ ಗುಂಡು ಗಟ್ಟಿ ಹಿತ್ತಾಳೆಯದ್ದಾಗಿದ್ದರೆ ಅದೂ ಅನುಮಾನಕ್ಕೆ ಕಾರಣ. ರೋಮನ್ನರದು ಮರದ್ದೋ ದಂತದ್ದೋ ಇರುತ್ತಿತ್ತು. ಅಗ್ಗದ ಕತ್ತಿಯಲ್ಲಿ ಅಲಗಿನ ಮುಂಭಾರ ಸರಿದೂಗಿಸಲು ಹಿಂದೆ ಲೋಹ ಸುರಿದಿರುತ್ತಾರೆ.

ನಿಮ್ಮ ಪ್ರಶ್ನೆಯ ಕೊನೆಯಲ್ಲಿ, ಇನ್ನಷ್ಟು ದುಡ್ಡು ಕೂಡಿಸಿ ಸ್ಪಾಥಾ, ಅಂದರೆ ರೋಮನ್ನರ ಉದ್ದನೆಯ ಕತ್ತಿ, ತಗೊಳ್ಳಲೇ ಎಂದಿದ್ದೀರಿ. ಬೇಡ. ಅಲಗು ಉದ್ದವಾದಷ್ಟೂ ಹದ ಕೊಡುವಾಗ ಸೊಟ್ಟಗಾಗುವುದು ಹೆಚ್ಚು, ತೂಕದ ಹಂಚಿಕೆ ಕಷ್ಟ, ಬುಡದ ಮೇಲಿನ ಬಲವೂ ಹೆಚ್ಚು. ಅದೇ ದುಡ್ಡಿಗೆ ಗಿಡ್ಡ ಕತ್ತಿ ಯಾವಾಗಲೂ ಉತ್ತಮ ಗುಣಮಟ್ಟದ್ದು ಸಿಗುತ್ತದೆ. ಗಿಡ್ಡದರಲ್ಲೂ ಪೊಂಪೇಯ್ ಆರಿಸಿ. ಎರಡೂ ಅಂಚು ನೇರ, ಸಮಾನಾಂತರ. ಮಾಡುವವನು ತಪ್ಪುವ ಅವಕಾಶ ಕಡಿಮೆ. ನಡು ಸಪೂರವಾದ ಮೈನ್ಸ್ ನಮೂನೆ, ಎಲೆಯಾಕಾರದ ಗ್ರೀಕ್ ಕ್ಸಿಫೋಸ್ ಆಮೇಲೆ ನೋಡಿಕೊಳ್ಳಬಹುದು. ಕಂಚಿನ ಕತ್ತಿಯ ಆಸೆಯಿದ್ದರೆ ತವರ ನೂರಕ್ಕೆ ಹತ್ತರ ಆಸುಪಾಸು ಇದೆಯೇ, ಅಂಚನ್ನು ಸುತ್ತಿಗೆಯಲ್ಲಿ ಬಡಿದು ಗಡಸು ಮಾಡಿದ್ದಾರೆಯೇ ಎಂದು ಕೇಳಿ. ಅಗ್ಗಕ್ಕೆ ಸಿಗುವುದು ಹೆಚ್ಚಾಗಿ ಹಿತ್ತಾಳೆ.

ಚಿತ್ತಾರದ ಒರೆಗೆ ಒಂದು ಕಾಸೂ ಹಾಕಬೇಡಿ. ಬಜೆಟ್ ತಿನ್ನುವುದು ಅದೇ. ಹರಿತ ಮಾಡಿದ್ದಕ್ಕೆ ಬೇರೆ ದುಡ್ಡು ಕೇಳಿದರೆ ಅದನ್ನೂ ಬಿಟ್ಟು, ಮೊಂಡು ಅಂಚಿನದನ್ನೇ ತರಿಸಿ. ಬೆಲ್ಟ್ ಗ್ರೈಂಡರ್‌ಗೆ ಒತ್ತಿ ಅವಸರದಲ್ಲಿ ಹರಿತ ಮಾಡಿದಾಗ ಅಂಚು ನೀಲಿ ತಿರುಗಿದರೆ ಅಲ್ಲಿನ ಹದ ಹೋಗಿರುತ್ತದೆ, ಆ ಬಣ್ಣವನ್ನು ಪಾಲಿಶ್‌ನಲ್ಲಿ ಅಳಿಸಿ ಕೊಡುತ್ತಾರೆ. ಮನೆಯಲ್ಲಿ ಅಲಗನ್ನು ಹಲಗೆಗೆ ಕ್ಲ್ಯಾಂಪ್ ಮಾಡಿ, ನಯವಾದ ಅರದಿಂದ ಎರಡೂ ಕಡೆ 20ರಿಂದ 25 ಡಿಗ್ರಿಯಲ್ಲಿ ಉಜ್ಜಿ. ಅಂಚಿನಲ್ಲಿ ಲೋಹದ ಒರಟು ಕೂದಲೆಳೆ ಬೆರಳಿಗೆ ತಾಗಲು ಶುರುವಾದ ಮೇಲೆ 220, 400, 800 ನಂಬರಿನ ಎಮರಿ ಕಾಗದ. ಗೆಣ್ಣಿಗೆ ದಪ್ಪ ಕೈಗವಸು ಹಾಕಿಕೊಳ್ಳಿ.

ಅರ ಉಜ್ಜುವಾಗಲೇ ಹದ ಹೇಗಿದೆ ಎಂಬುದೂ ತಿಳಿಯುತ್ತದೆ. ಅರ ಬೆಣ್ಣೆಗೆ ಇಳಿದಂತೆ ಇಳಿದರೆ ಅಲಗಿಗೆ ಹದವೇ ಇಲ್ಲ. ಕಚ್ಚದೆ ಜಾರಿದರೆ ಅತಿ ಗಡಸು, ಬಾಯಿ ಚಕ್ಕೆ ಏಳುತ್ತದೆ. ಬಿಗಿಯಾಗಿ ಕಚ್ಚಿ ನುಣ್ಣನೆಯ ಪುಡಿ ಬಿಡಬೇಕು. ಹರಿತವಾದ ಮೇಲೆ 6 ಮಿ.ಮೀ. ಹಿತ್ತಾಳೆ ಸರಳಿನ ಮೇಲೆ ಅಂಚನ್ನು ಅದೇ ಓರೆಯಲ್ಲಿಟ್ಟು ಒತ್ತಿ, ಬೆಳಕಿಗೆ ಎದುರು ಹಿಡಿದು ನೋಡಿ. ಅಂಚು ಸರಳಿನ ಮೇಲೆ ಒಂದಿಷ್ಟು ಉಬ್ಬಿ, ಒತ್ತಡ ಬಿಟ್ಟ ಕೂಡಲೇ ನೇರವಾದರೆ ಹದ ಸರಿ. ಉಬ್ಬು ಹಾಗೇ ಉಳಿದರೆ ಮೆದು.

ಬಳಸಲು ನೀರು ತುಂಬಿದ ತೆಳು ಪ್ಲಾಸ್ಟಿಕ್ ಬಾಟಲಿ, ರಾತ್ರಿಯಿಡೀ ನೆನೆಸಿ ಸುತ್ತಿಟ್ಟ ಚಾಪೆ ಇಷ್ಟು ಸಾಕು. ಮರದ ಕೊಂಬೆಗೆ ಕೊಡಲಿ ಇದೆ. ಕತ್ತಿಗೆ ಕತ್ತಿ ತಾಗಿಸುವುದಂತೂ ಬೇಡ, ಎರಡೂ ಬಾಯಿ ಹಾಳು, ಚೂರು ಕಣ್ಣಿಗೆ. ಪ್ರತಿ ಸಲ ಶುರು ಮಾಡುವ ಮುಂಚೆ ಹಿಡಿಯನ್ನು ಹಿಡಿದು ಕುಲುಕಿ. ಕಟಕಟ ಸದ್ದು ಬಂದರೆ ಅವತ್ತು ಬೀಸಬೇಡಿ, ನಟ್ಟು ಬಿಚ್ಚಿ ನೋಡಿ. ಉದ್ದದ ಅಲಗಿನ ಕಾನೂನು ದೇಶದಿಂದ ದೇಶಕ್ಕೆ ಬೇರೆ, ಆರ್ಡರ್ ಮಾಡುವ ಮೊದಲೇ ನೋಡಿಕೊಳ್ಳಿ. ಕಸ್ಟಮ್ಸ್‌ನಲ್ಲಿ ನಿಂತ ಕತ್ತಿಗೆ ದುಡ್ಡು ವಾಪಸ್ ಬರುವುದು ಕಷ್ಟ.

ಕೆಲಸ ಮುಗಿದ ಮೇಲೆ ಅಲಗನ್ನು ಒಣಬಟ್ಟೆಯಲ್ಲಿ ಒರೆಸಿ, ಮಷಿನ್ ಎಣ್ಣೆ ತೆಳ್ಳಗೆ ಸವರಿ, ಮರದ ಹಿಡಿಗೆ ಆಗಾಗ ಅಗಸೆ ಎಣ್ಣೆ ಹಚ್ಚಿ. ಚರ್ಮದ ಒರೆಯೊಳಗೆ ತಿಂಗಳುಗಟ್ಟಲೆ ಇಡಬೇಡಿ. ಚರ್ಮ ತೇವ ಹಿಡಿದುಕೊಳ್ಳುತ್ತದೆ, ತೊಗಲನ್ನು ಹದ ಮಾಡುವಾಗ ಬಳಸಿದ ಆಮ್ಲ ಅಥವಾ ಉಪ್ಪಿನ ಅಂಶವೂ ಅದರಲ್ಲಿ ಉಳಿದಿರಬಹುದು. ಒರೆಯ ಬಾಯಿಯ ಹತ್ತಿರ ಅಲಗಿನ ಮೇಲೆ ಕಂದು ಚುಕ್ಕೆ ಮೂಡಿದರೆ ಎಣ್ಣೆ ಹಚ್ಚಿದ 800 ಎಮರಿಯಲ್ಲಿ ಅವತ್ತೇ ಉಜ್ಜಿ, ಗುಳಿ ಬಿದ್ದ ಮೇಲೆ ಹೋಗುವುದಿಲ್ಲ.