ಕ್ಯೂ ನೋಡಿ ಸ್ವಾಮಿ, ಪ್ರಿಂಟರಿಗೆ ಬಡಿಯಬೇಡಿ

ಈ ಸಲ ಬಂದ ಪತ್ರಗಳಲ್ಲಿ ಪ್ರಿಂಟರಿನ ದೂರೇ ಜಾಸ್ತಿ. ಎಲ್ಲ ನಮ್ಮ ಹಾಸನ, ಚಿಕ್ಕಮಗಳೂರು ಕಡೆಯವೇ. ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ನೀವು ಹೊಡೆಯುವಾಗ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಹೊಡೆಯಿರಿ, ದೊಡ್ಡಕ್ಷರ ಎಲ್ಲಿ ಬೇಕೋ ಅಲ್ಲಿ ಹೇಳುತ್ತೇನೆ.

ಪ್ರಶ್ನೆ: ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದೇನೆ. ಪ್ರತಿ ಶನಿವಾರ ಬಟವಾಡೆಗೆ ಅರವತ್ತಕ್ಕೂ ಹೆಚ್ಚು ಜನರ ಸಂಬಳದ ಚೀಟಿ ಪ್ರಿಂಟ್ ಹಾಕಬೇಕು, ಒಬ್ಬೊಬ್ಬರದು ಒಂದೊಂದು ಪಿಡಿಎಫ್. ಆಫೀಸಿನ ಕಂಪ್ಯೂಟರಿಗೆ ಸಾಹುಕಾರರ ಮಗ ವಿಂಡೋಸ್ ಬದಲು ಉಬುಂಟು ಹಾಕಿಕೊಟ್ಟು ಬೆಂಗಳೂರಿಗೆ ಹೊರಟುಹೋದರು. ಒಂದೊಂದನ್ನೇ ತೆರೆದು ಪ್ರಿಂಟ್ ಒತ್ತಿ ಒತ್ತಿ ಬೆರಳು ಸೋತಿದೆ. ಒಂದೇ ಸಾಲಿನಲ್ಲಿ ಎಲ್ಲ ಕಳಿಸಬಹುದಂತೆ, ಹೌದಾ? (ಮೂಡಿಗೆರೆ)

ಉತ್ತರ: ಹೌದು, ಒಂದೇ ಸಾಲು. ಚೀಟಿಗಳಿರುವ ಫೋಲ್ಡರ್ ತೆರೆದು ಖಾಲಿ ಜಾಗದಲ್ಲಿ ಮೌಸಿನ ಬಲಗುಂಡಿ ಒತ್ತಿದರೆ ಟರ್ಮಿನಲ್‌ನಲ್ಲಿ (ಕಮಾಂಡ್ ಹೊಡೆಯುವ ಕಿಟಕಿ) ತೆರೆಯುವ ಆಯ್ಕೆ ಸಿಗುತ್ತದೆ. ಅಲ್ಲಿ ಮೊದಲು ‘ಎಲ್‌ಪಿಸ್ಟ್ಯಾಟ್ -ಪಿ -ಡಿ’ ಹೊಡೆಯಿರಿ. ಯಾವ ಯಾವ ಪ್ರಿಂಟರ್ ಇದೆ, ಹೆಸರು ಹೇಳದಿದ್ದರೆ ಯಾವುದಕ್ಕೆ ಹೋಗುತ್ತದೆ ಅಂತ ಅದು ತೋರಿಸುತ್ತದೆ. ಆಮೇಲೆ ‘ಎಲ್‌ಪಿ *.ಪಿಡಿಎಫ್’. ಅಷ್ಟೇ. ಆ ನಕ್ಷತ್ರ ಅಂದರೆ ಈ ಫೋಲ್ಡರಿನಲ್ಲಿರುವ ಎಲ್ಲ ಪಿಡಿಎಫ್ ಅಂತ. ಎರಡು ಪ್ರಿಂಟರ್ ಇದ್ದರೆ ‘-ಡಿ’ ಹಾಕಿ ಹೆಸರು ಕೊಡಿ, ಎರಡೆರಡು ಪ್ರತಿ ಬೇಕಿದ್ದರೆ ‘-ಎನ್ 2’.

ಆದರೆ ಒತ್ತುವ ಮುಂಚೆ ‘ಎಲ್‌ಎಸ್ *.ಪಿಡಿಎಫ್’ ಹೊಡೆದು ಪಟ್ಟಿ ನೋಡಿಕೊಳ್ಳಿ. ನಾನು ಒಮ್ಮೆ ನೋಡದೆ ತಪ್ಪು ಫೋಲ್ಡರಿನಲ್ಲಿ ನಿಂತು ನಕ್ಷತ್ರ ಹಾಕಿಬಿಟ್ಟೆ. ಹಳೇ ಕರೆಂಟ್ ಬಿಲ್ಲಿನಿಂದ ಹಿಡಿದು ಯಾರದೋ ಮದುವೆ ಕರೆಯೋಲೆಯ ತನಕ ಎಲ್ಲ ಹೊರಬಂತು, ಮನೆಯವರು ಇನ್ನೂ ಆಡಿಕೊಳ್ಳುತ್ತಾರೆ. ಪಟ್ಟಿ ನೋಡಿದರೆ ಇನ್ನೊಂದೂ ಗೊತ್ತಾಗುತ್ತದೆ. ಚೀಟಿಗೆ 1, 2, 3 ಅಂತ ಹೆಸರಿಟ್ಟಿದ್ದರೆ ಸಾಲು 1, 10, 11 ಅಂತ ಹೋಗಿ 2 ಎಲ್ಲೋ ಕೆಳಗೆ ಬರುತ್ತದೆ, ಯಾಕೆಂದರೆ ಅದು ಎಣಿಸುವುದಿಲ್ಲ, ಅಕ್ಷರ ನೋಡಿ ಜೋಡಿಸುತ್ತದೆ. 01, 02 ಅಂತ ಹೆಸರಿಟ್ಟರೆ ಬಟವಾಡೆ ಹೊತ್ತಿನಲ್ಲಿ ಆಳುಗಳನ್ನು ಬಿಸಿಲಲ್ಲಿ ನಿಲ್ಲಿಸಿಕೊಂಡು ಚೀಟಿ ಹುಡುಕುವುದು ತಪ್ಪುತ್ತದೆ.

ಕಾಗದ ಉಳಿಸಬೇಕು ಅನಿಸಿದರೆ ಒಂದು ಹಾಳೆಗೆ ನಾಲ್ಕು ಚೀಟಿ ಕೂರಿಸಬಹುದು, ಅದಕ್ಕೆ ಮೊದಲು ಎಲ್ಲವನ್ನೂ ಒಂದೇ ಫೈಲ್ ಮಾಡಿಕೊಳ್ಳಬೇಕು: ‘ಪಿಡಿಎಫ್‌ಯುನೈಟ್ *.ಪಿಡಿಎಫ್ ವಾರ.ಪಿಡಿಎಫ್’. ಕೊನೆಯ ಹೆಸರು ಹೊಸ ಫೈಲಿನದು. ಅದನ್ನು ಮರೆತಿರೋ, ಕೊನೇ ಚೀಟಿಯ ಹೆಸರನ್ನೇ ಹೊಸ ಫೈಲಿನ ಹೆಸರು ಅಂದುಕೊಳ್ಳುತ್ತದೆ. ಆಮೇಲೆ ‘ಎಲ್‌ಪಿ -ಓ ನಂಬರ್-ಅಪ್=4 ವಾರ.ಪಿಡಿಎಫ್’, ಕತ್ತರಿಯಲ್ಲಿ ಕತ್ತರಿಸಿ ಹಂಚಿ. ಯಾರಾದರೂ ಚೀಟಿ ಕಳೆದುಕೊಂಡು ಬಂದರೆ ‘ಎಲ್‌ಪಿ -ಪಿ 17 ವಾರ.ಪಿಡಿಎಫ್’ ಅಂದರೆ ಹದಿನೇಳನೇ ಪುಟ ಒಂದೇ ಬರುತ್ತದೆ. ಇಲ್ಲಿ ಅಡ್ಡಗೆರೆಯ ಪಕ್ಕದ ಪಿ ದೊಡ್ಡಕ್ಷರ.

ಪ್ರಶ್ನೆ: ಬಸ್ ಸ್ಟ್ಯಾಂಡ್ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟಿದ್ದೇನೆ. ಎಲ್‌ಪಿ ಕಮಾಂಡ್ ಕೊಟ್ಟೆ, ರಿಕ್ವೆಸ್ಟ್ ಐಡಿ ಅಂತ ಒಂದು ಸಾಲು ಬಂತು, ಕಾಗದ ಬರಲಿಲ್ಲ. ಗಿರಾಕಿ ಮುಂದೆ ಮರ್ಯಾದೆ ಹೋಗುತ್ತದಲ್ಲ, ಇನ್ನೂ ನಾಲ್ಕು ಸಲ ಕೊಟ್ಟೆ, ಪ್ರಿಂಟರಿಗೆ ಎರಡು ಬಡಿದೂ ನೋಡಿದೆ. ಸಂಜೆ ಕೇಬಲ್ ಕಿತ್ತು ಮತ್ತೆ ಹಾಕಿದ ತಕ್ಷಣ ಐದೂ ಪ್ರತಿ ಒಟ್ಟಿಗೆ ಬಂತು. ಏನಿದು? (ಹಾಸನ)

ಉತ್ತರ: ಬಡಿದಿದ್ದು ದಂಡ. ಎಲ್‌ಪಿ ಅನ್ನುವುದು ಪ್ರಿಂಟರ್ ಜೊತೆ ಮಾತಾಡುವುದೇ ಇಲ್ಲ. ನಿಮ್ಮ ಫೈಲಿನ ಒಂದು ನಕಲು ತೆಗೆದು ಕ್ಯೂನಲ್ಲಿ ನಿಲ್ಲಿಸಿ ತನ್ನ ಕೆಲಸ ಆಯ್ತು ಅಂತ ವಾಪಸ್ ಬರುತ್ತದೆ. ರಿಕ್ವೆಸ್ಟ್ ಐಡಿ ಅಂದರೆ ಟೋಕನ್. ಬ್ಯಾಂಕಿನಲ್ಲಿ ಟೋಕನ್ ಕೈಗೆ ಬಂದ ಮಾತ್ರಕ್ಕೆ ದುಡ್ಡು ಬಂದ ಹಾಗಲ್ಲ, ಅಲ್ವಾ? ನೀವು ಐದು ಟೋಕನ್ ತೆಗೆದುಕೊಂಡಿರಿ, ಕೇಬಲ್ ಸರಿಯಾದಾಗ ಐದನ್ನೂ ಕರೆದರು.

ಇನ್ನು ಮೇಲೆ ಕಾಗದ ಬರದಿದ್ದರೆ ಎರಡನೇ ಸಲ ಕಳಿಸಬೇಡಿ, ‘ಎಲ್‌ಪಿಸ್ಟ್ಯಾಟ್ -ಓ’ ಹೊಡೆಯಿರಿ. ಕಾಯುತ್ತಿರುವುದೆಲ್ಲ ಕಾಣುತ್ತದೆ. ಬೇಡದ್ದನ್ನು ‘ಕ್ಯಾನ್ಸಲ್’ ಅಂತ ಬರೆದು ಮುಂದೆ ಆ ಐಡಿ ಹಾಕಿ ತೆಗೆಯಿರಿ. ಕೆಲವು ಸಲ ತೊಂದರೆ ಕಂಡ ಕೂಡಲೇ ಕ್ಯೂ ತಾನೇ ನಿಂತುಬಿಡುತ್ತದೆ, ಆಗ ಕೇಬಲ್ ಹಾಕಿದರೂ ಏಳುವುದಿಲ್ಲ. ‘ಎಲ್‌ಪಿಸ್ಟ್ಯಾಟ್ -ಪಿ’ ಕೊಟ್ಟರೆ ಪ್ರಿಂಟರ್ ಹೆಸರಿನ ಮುಂದೆ ಡಿಸೇಬಲ್ಡ್ ಅಂತ ಬರುವುದು ಇದಕ್ಕೇ. ‘ಸುಡೋ ಕಪ್ಸ್‌ಎನೇಬಲ್’ ಬರೆದು ಪ್ರಿಂಟರಿನ ಹೆಸರು ಕೊಟ್ಟರೆ ಮತ್ತೆ ಓಡುತ್ತದೆ (ಸುಡೋ ಅಂದರೆ ಯಜಮಾನನ ಅಧಿಕಾರದಲ್ಲಿ ಮಾಡು ಅಂತ). ಟೈಪಿಂಗ್ ಬೇಜಾರು ಅಂದರೆ ಬ್ರೌಸರಿನಲ್ಲಿ ‘ಲೋಕಲ್‌ಹೋಸ್ಟ್:631’ ತೆರೆಯಿರಿ, ಇದೇ ಕ್ಯೂ ಅಲ್ಲೂ ಇದೆ.

ಈ ಕ್ಯೂ ನಡೆಸುವುದು ಕಪ್ಸ್ ಅನ್ನುವ ತಂತ್ರಾಂಶ. ಮೈಕೆಲ್ ಸ್ವೀಟ್ ಬರೆದದ್ದು, 1999ರಲ್ಲಿ ಹೊರಬಂತು, 2007ರಲ್ಲಿ ಆಪಲ್ ಕೊಂಡುಕೊಂಡಿತು. ಆಪಲ್ ಅದಕ್ಕೂ ಮುಂಚೆಯೇ ತನ್ನ ಮ್ಯಾಕ್‌ಗೆ ಕಪ್ಸ್ ಹಾಕಿಕೊಂಡಿತ್ತು, ಹಾಗಾಗಿ ಕಪ್ಸ್‌ನ ಇವೇ ಕಮಾಂಡ್ ಅಲ್ಲೂ ನಡೆಯುತ್ತವೆ. ಅಂಗಡಿಗೆ ಬರುವ ಹುಡುಗರು ಯಾರಾದರೂ ‘ಎಲ್‌ಪಿಆರ್’ ಹೇಳಿಕೊಟ್ಟರೆ ಅದೂ ಸರಿಯೇ. ಯುನಿಕ್ಸ್ ಅನ್ನುವ ಹಳೇ ಕಂಪ್ಯೂಟರ್ ವ್ಯವಸ್ಥೆಗೆ ಎರಡು ಮನೆ; ಎಲ್‌ಪಿ ಬಂದದ್ದು ಎಟಿ ಅಂಡ್ ಟಿ ಕಂಪನಿಯ ಮನೆಯಿಂದ, ಎಲ್‌ಪಿಆರ್ ಬರ್ಕ್ಲಿ ವಿಶ್ವವಿದ್ಯಾಲಯದ ಮನೆಯಿಂದ, ಕಪ್ಸ್ ಎರಡನ್ನೂ ಇಟ್ಟುಕೊಂಡಿದೆ. ಆದರೆ ಎರಡನ್ನೂ ಬೆರೆಸಬೇಡಿ. ಮೇಲೆ ಪುಟಕ್ಕೆ ಹೇಳಿದೆನಲ್ಲ ದೊಡ್ಡ ಪಿ, ಅದು ಎಲ್‌ಪಿಆರ್‌ನಲ್ಲಿ ಪ್ರಿಂಟರಿನ ಹೆಸರು ಹೇಳುವುದಕ್ಕೆ!

ನೀವು ಕೇಳಲಿಲ್ಲ, ಆದರೂ ಜೆರಾಕ್ಸ್ ಅಂಗಡಿ ಅಂದಿರಲ್ಲ, ಹೇಳಿಯೇಬಿಡುತ್ತೇನೆ. ಪ್ರಿಂಟ್ ಆದ ಮೇಲೂ ಆ ನಕಲನ್ನು ಕಪ್ಸ್ ಬೇರೇನೂ ಹೇಳದಿದ್ದರೆ ಒಂದು ದಿನ, ಅಂದರೆ 86,400 ಸೆಕೆಂಡ್, ಇಟ್ಟುಕೊಳ್ಳುತ್ತದೆ. ಮತ್ತೆ ಪ್ರಿಂಟ್ ಬೇಕಾದೀತು ಅಂತ. ಮನೆಯಲ್ಲಿ ಪರವಾಗಿಲ್ಲ, ನಿಮ್ಮಲ್ಲಿ ಅದು ಊರವರ ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್. ಡೆಸ್ಕ್‌ಟಾಪಿನಿಂದ ಅಳಿಸಿದೆ ಅಂದರೆ ಸಾಲದು. ರಾತ್ರಿ ಬಾಗಿಲು ಹಾಕುವಾಗ ‘ಸುಡೋ ಕ್ಯಾನ್ಸಲ್ -ಎ -ಎಕ್ಸ್’ ಕೊಡಿ, ಫೈಲುಗಳೂ ಹೋಗುತ್ತವೆ. ಅಥವಾ ಕಪ್ಸ್‌ನ ಸೆಟ್ಟಿಂಗ್ ಇರುವ ‘ಕಪ್ಸ್‌ಡಿ.ಕಾನ್ಫ್’ ಫೈಲಿನಲ್ಲಿ ಪ್ರಿಸರ್ವ್‌ಜಾಬ್‌ಫೈಲ್ಸ್ ನೋ ಅಂತ ಒಂದು ಸಾಲು ಸೇರಿಸಿ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಇಟ್ಟುಕೊಳ್ಳುವ ಅಭ್ಯಾಸವೇ ನಿಲ್ಲುತ್ತದೆ.

ಪ್ರಶ್ನೆ: ಪ್ರಶ್ನೆಪತ್ರಿಕೆಯನ್ನು ಸಾದಾ ಟೆಕ್ಸ್ಟ್ ಫೈಲಿನಲ್ಲಿ ಟೈಪ್ ಮಾಡಿ ಎಲ್‌ಪಿಯಿಂದ ಕಳಿಸಿದೆ, ಒತ್ತಕ್ಷರವೆಲ್ಲ ಬಿಡಿಬಿಡಿ. ವರ್ಡ್ ಫೈಲ್ ಕಳಿಸಿದರೆ ತೆಗೆದುಕೊಳ್ಳುವುದೇ ಇಲ್ಲ. ಹಳೇ ನುಡಿ ಫೈಲ್ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್! ಮಕ್ಕಳಿಗೆ ಬೋರ್ಡಿನ ಮೇಲೆ ಬರೆದುಬಿಡಲಾ? (ಶಿಕ್ಷಕಿ, ಬೇಲೂರು)

ಉತ್ತರ: ಬೇಡ ಮೇಡಂ, ಸೀಮೆಸುಣ್ಣ ಕೆಳಗಿಡಿ. ಮೂರಕ್ಕೂ ಮದ್ದು ಒಂದೇ, ಕಳಿಸುವ ಮುಂಚೆ ಪಿಡಿಎಫ್ ಮಾಡಿಕೊಳ್ಳಿ. ಕನ್ನಡದ ಒತ್ತು, ಗುಣಿತ ಕೂಡಬೇಕಾದರೆ ಫಾಂಟಿನೊಳಗಿನ ನಿಯಮ ಓದಿ ಜೋಡಿಸುವವರು ಬೇಕು. ಸಾದಾ ಟೆಕ್ಸ್ಟನ್ನು ಕಾಗದಕ್ಕಿಳಿಸುವ ಸಲಕರಣೆ ಇಂಗ್ಲಿಷಿನ ಹಾಗೆ ಒಂದರ ಪಕ್ಕ ಒಂದು ಇಡುತ್ತದೆ ಅಷ್ಟೇ. ವರ್ಡಿನ ಹಾಗಿರುವ ಲಿಬ್ರೆಆಫೀಸಿಗೆ ಜೋಡಿಸುವುದು ಗೊತ್ತು, ಅದನ್ನು ತೆರೆಯದೆಯೂ ಕೆಲಸ ಮಾಡಿಸಬಹುದು: ‘ಲಿಬ್ರೆಆಫೀಸ್ --ಹೆಡ್‌ಲೆಸ್ --ಕನ್ವರ್ಟ್-ಟು ಪಿಡಿಎಫ್ ಪರೀಕ್ಷೆ.ಡಾಕ್ಸ್’. ಟೆಕ್ಸ್ಟ್ ಫೈಲನ್ನು ಅಲ್ಲೇ ತೆರೆದು ಕನ್ನಡ ಫಾಂಟ್ ಕೊಟ್ಟು ಉಳಿಸಿಕೊಳ್ಳಿ. ಲಿಬ್ರೆಆಫೀಸ್ ಆಗಲೇ ತೆರೆದಿದ್ದರೆ ಈ ಕಮಾಂಡ್ ಕೆಲವು ಸಲ ಏನೂ ಮಾಡದೆ ಸುಮ್ನೆ ವಾಪಸ್ ಬರುತ್ತದೆ, ಮುಚ್ಚಿ ಕೊಡಿ. ಬಂದ ಪಿಡಿಎಫ್ ಒಮ್ಮೆ ಕಣ್ಣಾಡಿಸಿ, ಎಲ್‌ಪಿಗೆ ಕೊಡಿ.

ನುಡಿಯದು ಬೇರೆ ಕಥೆ. ಹಳೇ ನುಡಿ, ಬರಹ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರದ ಮನೆಯೊಳಗೆ ಕನ್ನಡದ ಚಿತ್ರ ಕೂರಿಸಿದ್ದರು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಒಳಗಿನ ಇಂಗ್ಲಿಷ್ ಹೊರಗೆ ಇಣುಕುತ್ತದೆ. ಫಾಂಟ್ ಇರುವ ಕಡೆಯೇ ಪಿಡಿಎಫ್ ಮಾಡಿಕೊಂಡು ಬನ್ನಿ, ಅದು ಫಾಂಟನ್ನೂ ಜೊತೆಗೆ ಹೊತ್ತು ತರುತ್ತದೆ. ಹೊಸ ಪತ್ರಿಕೆಗಳನ್ನಾದರೂ ಕನ್ನಡ ಅಕ್ಷರಕ್ಕೆ ಅದರದೇ ಮನೆ ಇರುವ ಯೂನಿಕೋಡ್‌ನಲ್ಲಿ ಟೈಪ್ ಮಾಡಿ.

ಪ್ರಶ್ನೆ: ನನ್ನದು ವಿಂಡೋಸ್. ಡಾಸ್ ಕಾಲದ ಹಾಗೆ ಕಾಪಿ ಕಮಾಂಡಿನಲ್ಲಿ ಪಿಡಿಎಫನ್ನು ಪ್ರಿಂಟರಿಗೆ ಕಳಿಸಿದೆ. ಹುಚ್ಚು ಹಿಡಿದ ಹಾಗೆ ಹಾಳೆ ಹಾಳೆ ಗೀಚಿತು. (ಸಕಲೇಶಪುರ)

ಉತ್ತರ: ಕಾಪಿ ಕಮಾಂಡ್ ಫೈಲನ್ನು ಇದ್ದ ಹಾಗೇ ಸುರಿಯುತ್ತದೆ. ಪ್ರಿಂಟರಿಗೆ ಪಿಡಿಎಫ್ ಓದಲು ಬಂದರೆ ಸರಿ, ಮನೆಗೆ ಕೊಳ್ಳುವ ಅಗ್ಗದ ಪ್ರಿಂಟರುಗಳಿಗೆ ಸಾಮಾನ್ಯವಾಗಿ ಬರುವುದಿಲ್ಲ, ಅದನ್ನೇ ಟೆಕ್ಸ್ಟ್ ಅಂದುಕೊಂಡು ಅಚ್ಚು ಹಾಕುತ್ತವೆ. ವಿಂಡೋಸಿನ ಕಮಾಂಡ್ ಕಿಟಕಿಯಾದ ಪವರ್‌ಶೆಲ್‌ನ ಔಟ್-ಪ್ರಿಂಟರ್ ಕೂಡ ಟೆಕ್ಸ್ಟಿಗೆ ಮಾತ್ರ. ವಿಂಡೋಸ್‌ನಲ್ಲಿ ಪಿಡಿಎಫ್ ಇದ್ದರೆ ತೆರೆದೇ ಪ್ರಿಂಟ್ ಕೊಡಿ, ಸುಮ್ನೆ ಹಟ ಯಾಕೆ?

ಪ್ರಶ್ನೆ: ಮಳೆಗಾಲ ಶುರುವಾದರೆ ನಮ್ಮ ಪ್ರಿಂಟರ್ ಎರಡೆರಡು ಹಾಳೆ ಎಳೆದು ಸಿಕ್ಕಿಸಿಕೊಳ್ಳುತ್ತದೆ. ಇದಕ್ಕೆ ಕಮಾಂಡ್ ಇದೆಯಾ? (ಚಿಕ್ಕಮಗಳೂರು)

ಉತ್ತರ: ಇಲ್ಲ. ಕಾಗದ ತೇವ ಎಳೆದುಕೊಂಡು ಸುರುಳಿ ಏಳುತ್ತದೆ, ಒಂದಕ್ಕೊಂದು ಅಂಟುತ್ತದೆ. ರೀಮ್ ಬಿಚ್ಚಿ ಪೂರ್ತಿ ಟ್ರೇಗೆ ತುಂಬಬೇಡಿ. ಅವತ್ತಿಗೆ ಬೇಕಾದಷ್ಟು ಹಾಳೆ ತೆಗೆದು, ಬೀಸಿ ಬಿಡಿಸಿ ಹಾಕಿ, ಉಳಿದದ್ದನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಗೋಡೆಗೆ ತಾಗದ ಹಾಗೆ ಇಡಿ.