ಮರ ಕೊರೆಯುವ ರೌಟರ್ ಮಷಿನ್ ಕೈಯಿಂದ ಎಳೆದುಕೊಂಡು ಓಡುತ್ತದೆ, ಮರವೂ ಸುಟ್ಟು ಕಪ್ಪಾಗುತ್ತದೆ. ಎಲ್ಲಿ ತಪ್ಪುತ್ತಿದೆ?

ಓಡುವುದಕ್ಕೆ ಹೆಚ್ಚಾಗಿ ದಿಕ್ಕೇ ಕಾರಣ. ಮೇಲಿಂದ ನೋಡಿದರೆ ಬಿಟ್ (ಮರ ಕೊರೆಯುವ ಅಲಗು) ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಹಾಗಾಗಿ ಹಲಗೆಯ ಹೊರ ಅಂಚಿಗೆ ಅಪ್ರದಕ್ಷಿಣವಾಗಿ, ಫ್ರೇಮಿನ ಒಳ ಅಂಚಿಗೆ ಪ್ರದಕ್ಷಿಣವಾಗಿ ಸಾಗಬೇಕು. ಉಲ್ಟಾ ಹೋದರೆ ಬಿಟ್ ಮರವನ್ನು ಕಚ್ಚಿ, ಗಾಡಿ ಚಕ್ರದ ಹಾಗೆ ಉರುಳಿ ಮಷಿನ್ನನ್ನೇ ಎಳೆದೊಯ್ಯುತ್ತದೆ. ಹಲಗೆಗೆ ಎರಡು ಕ್ಲಾಂಪ್, ಕಣ್ಣಿಗೆ ಕನ್ನಡಕ. ಕೈಗವಸು ಮಾತ್ರ ಬೇಡ, ಬಿಟ್‌ಗೆ ಸುತ್ತಿಕೊಳ್ಳುತ್ತದೆ.

ಸುಡುವುದು ಮೊಂಡು ಬಿಟ್‌ನಿಂದ, ಇಲ್ಲವೇ ತೀರಾ ನಿಧಾನದಿಂದ. ಮೂಲೆಯಲ್ಲಿ ಅರೆಕ್ಷಣ ನಿಂತರೂ ಕಪ್ಪು ಕಲೆ ಬಿದ್ದಿರುತ್ತದೆ. 12 ಮಿ.ಮೀ. ಆಳ ಬೇಕಿದ್ದರೆ 3-4 ಮಿ.ಮೀ.ಯಂತೆ ಮೂರು ನಾಲ್ಕು ಸಲ ಹೊಡೆಯಿರಿ.

ಬಿಟ್ ಬದಲಿಸುವಾಗ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತಿರಬೇಕು. ಶ್ಯಾಂಕನ್ನು (ಬಿಟ್‌ನ ದಂಡವನ್ನು) ಅದನ್ನು ಬಿಗಿಹಿಡಿಯುವ ಕಾಲೆಟ್‌ನೊಳಗೆ ಕೊನೆಮುಟ್ಟ ತೂರಿಸಿ, 2-3 ಮಿ.ಮೀ. ಹಿಂದಕ್ಕೆಳೆದು ಬಿಗಿ ಮಾಡಿ. ತಳಕ್ಕೆ ತಾಗಿಯೇ ಬಿಗಿದರೆ ಕಾಲೆಟ್ ಪೂರ್ತಿ ಹಿಡಿಯದೆ, ಕೆಲಸದ ನಡುವೆ ಬಿಟ್ ಹೊರಜಾರಬಹುದು. ಇನ್ನೊಂದು: ಕಾಲು ಇಂಚಿನ ಶ್ಯಾಂಕ್ ಅಂದರೆ 6.35 ಮಿ.ಮೀ. ಅದನ್ನು 6 ಮಿ.ಮೀ. ಕಾಲೆಟ್‌ಗೆ ಬಡಿದು ತೂರಿಸುವವರೂ ಇದ್ದಾರೆ. ಆ ಸಾಹಸ ಬೇಡ, ಅಳತೆಯ ಕಾಲೆಟ್ಟನ್ನೇ ಹಾಕಿ.